ವಹೀದಾಳ ಹಗುರ ಪಟ್ಟಿ

ವಹೀದಾಳ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೊದಿಂದ ಸೊರಗಿತ್ತು. ಕಾಲಿನ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಬಿಗಿದುಕೊಂಡರೆ ಮಾತ್ರ ನಿಲ್ಲಬಲ್ಲಳು. ಆ ಭಾರ ಎಳೆದುಕೊಂಡು ಎಲ್ಲಿಗೆ ಹೋದಾಳು? ಹುಮನಾಬಾದಿನ ನಮ್ಮ ಓಣಿಯ ತನ್ನ ಬಳೆ ಅಂಗಡಿಯಲ್ಲೇ ಕೂತಿರುತ್ತಿದ್ದಳು.

ಗಂಡ ಶಂಶುದ್ದೀನ್ ಹೆದ್ದಾರಿ ಪಕ್ಕ ಲಾರಿಗಳ ಸ್ಪ್ರಿಂಗ್ ಪಟ್ಟಿ ಕೂರಿಸುವವನು. ಹೋದ ವರ್ಷ ಅಲ್ಯೂಮಿನಿಯಂನಲ್ಲಿ ಹಗುರ ಪಟ್ಟಿ ಮಾಡಿಕೊಟ್ಟ. ಪರೀಕ್ಷೆ ಮಾತ್ರ ಲಾರಿಯದ್ದೇ! ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು ತಾನೂ ನಿಂತ, ಇಬ್ಬರು ದಪ್ಪ ಡ್ರೈವರ್‌ಗಳನ್ನೂ ಹತ್ತಿಸಿದ. ಪಟ್ಟಿ ಬಾಗಲಿಲ್ಲ.

"ಇನ್ನ ಜಿಂದಗಿ ಪೂರ್ತಿ ಫಿಕೀರಿಲ್ಲ," ಎಂದ.

ವಹೀದಾ ಕೈಗೆ ಸಿಗದಂತಾದಳು. ಬಸುರಿಯರಿಗೆ ಬಳೆ ತೊಡಿಸುವ ಕುಬುಸದ ಮನೆ, ಮದುವೆ ಮನೆ, ಮಂಠಾಳದ ಸಂತೆ, ಬಸ್ ಹತ್ತಿ ಬಸವಕಲ್ಯಾಣ. ನಮ್ಮ ಮನೆಗೆ ಬಂದರೆ ಊರ ಸುದ್ದಿಯೆಲ್ಲ ಹೇಳಿ ಮುಗಿಸದೆ ಏಳುತ್ತಿರಲಿಲ್ಲ. ನನಗೂ ಅದೇ ಬೇಕಿತ್ತು ಅನ್ನಿ.

ನನ್ನ ಮಗಳು ಸಪ್ನಾಳ ಕುಬುಸದ ದಿನ ಆ ಪಟ್ಟಿ ನಮ್ಮ ಅಂಗಳದಲ್ಲೇ ಪಟ್ಟನೆ ಮುರಿಯಿತು. ವಹೀದಾ ಬಿದ್ದಳು, ಸಪ್ನಾಳಿಗೆ ತೊಡಿಸಲು ತಂದ ಹಸಿರು ಬಳೆಗಳು ಚೂರಾದವು. ಬೀಗರ ಕಡೆಯ ಮುದುಕಿಯೊಬ್ಬಳು, "ಅಪಶಕುನ ಆತಲ್ಲ!" ಎಂದಳು. ನನಗೆ ಮೈಯೆಲ್ಲ ಉರಿಯಿತು.

"ಒಡದಾವ ಅನಬಾರದು, ಬಳಿ ಹೆಚ್ಚ್ಯಾವ ಅನ್ರಿ! ಬಾಯಿ ಮುಚ್ಚಿ ಆಕೀಗಿ ನೀರು ತರ್ರಿ," ಎಂದೆ.

ಮರುದಿನ ಮುರುಕು ತುಂಡು ಹಿಡಿದು ಶಂಶುದ್ದೀನನ ಅಂಗಡಿಗೆ ಜಗಳಕ್ಕೇ ಹೋದೆ. ಅವನಾಗಲೇ ಅರ್ಧ ಜೀವವಾಗಿದ್ದ. "ಮೂರು ಮಂದಿ ನಿಂತ್ರೂ ಬಾಗಲಿಲ್ರಿ ಅಕ್ಕಾರ. ಒಬ್ಬಾಕಿ ನಡದ್ರ ಹ್ಯಾಂಗ ಮುರೀತು?" ಎಂದು ನನ್ನನ್ನೇ ಕೇಳಿದ.

ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಧಮ್ಮಪಾಲ ಜೀಪು ರಿಪೇರಿಗೆ ಬಂದಿದ್ದರು. ಮುರಿದ ತುದಿ ನೋಡಿ ಮೆಲ್ಲಗೆ ಹೇಳಿದರು: "ಉಕ್ಕಿಗಿ ಒಂದು ಮಿತಿ ಅದ. ಅದರೊಳಗಿನ ಭಾರ ಎಷ್ಟ್ ಸಲ ಬಿದ್ರೂ ತಡೀತದ. ಅಲ್ಯೂಮಿನಿಯಂಗ ಅಂಥಾ ಮಿತಿನೇ ಇಲ್ಲ. ಹಗುರ ಹೆಜ್ಜಿನೂ ಒಳಗೊಳಗ ಬಿರುಕು ಬೆಳಸ್ತದ. ನೀವು ಒಮ್ಮೆ ಭಾರ ಹೇರಿ ನೋಡೀರಿ, ಅದು ಉಕ್ಕಿನ ಪರೀಕ್ಷೆ; ಇದಕ್ಕ ಎಷ್ಟ್ ಹೆಜ್ಜಿ ಬಿದ್ದಾವ ಅಂತ ಎಣಿಸಬೇಕು."

ಶಂಶುದ್ದೀನ್ ಮನೆಗೆ ಹೋಗಿ ಹಳೆಯ ಕಬ್ಬಿಣದ ಪಟ್ಟಿಯನ್ನೇ ಹೆಂಡತಿಯ ಕಾಲಿಗೆ ಬಿಗಿದ. ವಹೀದಾ ಮತ್ತೆ ಅಂಗಡಿಯಲ್ಲಿ ಕೂತಳು. ಸಪ್ನಾ ಹೆತ್ತಾಗ ಕೂಸಿನ ಕರಿಬಳೆ ಬೇರೆಯವರ ಕೈಯಲ್ಲಿ ಕಳಿಸಿದಳು. ನನಗೆ ಸಂಕಟವಾಯಿತು. ಸಂಜೆ ಕೂಸನ್ನೇ ಎತ್ತಿಕೊಂಡು ಅವಳ ಮನೆಗೆ ನಡೆದೆ.

ಕೂಸನ್ನು ತೊಡೆಯ ಮೇಲಿಟ್ಟುಕೊಂಡು ವಹೀದಾ ಗಂಡನಿಗೆ ಹೇಳಿದಳು: "ಹಗುರದ್ದೇ ಮಾಡಿಕೊಡ್ರಿ. ಮುರಿಯೂ ಮೊದಲ ಬದಲಿ ಮಾಡ್ರಿ. ರಮಜಾನಕ್ಕೊಂದು, ದೀಪಾವಳಿಗೊಂದು."

"ನಡುವ ಮುರದ್ರ? ನೀ ಮತ್ತ ಬಿದ್ರ ನಾ ತಡಕೊಳ್ಳಂಗಿಲ್ಲ," ಎಂದ ಅವನು. ಕಣ್ಣು ತುಂಬಿದ್ದವು.

"ಹೆಜ್ಜಿ ಇಟ್ಟಂಗ ಸವೀತದ, ಗೊತ್ತದ. ಸವೀಲಿ. ಇಡಲಾರದ ಹೆಜ್ಜಿ ಉಳಿಸಿಕೊಂಡು ನಾ ಏನ್ ಮಾಡ್ಲಿ?"

ಅವನು ಅವಳ ಮುಂದೆ ನೆಲಕ್ಕೆ ಕೂತ. ಆಮೇಲೆ ಬಗ್ಗಿ ಅವಳ ಕಾಲಿನ ಕಬ್ಬಿಣ ಬಿಚ್ಚತೊಡಗಿದ. ಒಂದು ಬದಿಯ ಬಕ್ಕಲ್ ಸಡಿಲಾಯಿತು. ಇನ್ನೊಂದು ಬದಿಯದನ್ನು ನಾನು ಬಿಚ್ಚಿದೆ.