ಕೆಂಪು ವೈನಿನ ಗ್ಲಾಸಿಗೆ ಹತ್ತಿದ ವಾಸನೆ

ಆ ಹೋಟೆಲಿನಲ್ಲಿ ವೈನ್ ಗ್ಲಾಸುಗಳ ಕಪಾಟು ಒಬ್ಬ ಮುದುಕನ ವಶದಲ್ಲಿತ್ತು. ಎಲ್ಲರೂ ಅವನನ್ನು ಗಾಜಿನಜ್ಜ ಎನ್ನುತ್ತಿದ್ದರು. ಕೆಂಪು ವೈನಿಗೆ ಪರಿಮಳ ಹಿಡಿದಿಡುವ ಅಗಲ ಹೊಟ್ಟೆಯ ಗ್ಲಾಸು, ಬಿಳಿಯದಕ್ಕೆ ಕಿರಿದಾದದ್ದು, ನೊರೆಯುಕ್ಕುವುದಕ್ಕೆ ಕೊಳವೆಯಂತೆ ಉದ್ದನೆಯದು. ಕಣ್ಣು ಮುಚ್ಚಿ ಕೈಗೆ ಕೊಟ್ಟರೂ ಯಾವುದೆಂದು ಹೇಳುತ್ತಿದ್ದ. ಯಾರೇ ತೊಳೆಯಲಿ, ಒರೆಸುವ ಬಟ್ಟೆಯನ್ನು ಮಾತ್ರ ಬೇರೆಯವರು ಮುಟ್ಟುವಂತಿರಲಿಲ್ಲ.

ಈಚೆಗೆ ಗಿರಾಕಿಗಳು ಕೆಂಪು ವೈನನ್ನು ಮೂಗಿನ ಹತ್ತಿರ ಒಯ್ದು ಮುಖ ಕಿವುಚಿ ಕೆಳಗಿಡತೊಡಗಿದ್ದರು. ಬಾಟಲಿ ಬದಲಾಯಿಸಿದರೂ ಅದೇ ಪಾಡು. ಅಜ್ಜನ ಅನುಮಾನ ಹೊಸದಾಗಿ ಬಂದ ತೊಳೆಯುವವಳ ಮೇಲೆ ಹೋಗಿ ಕೂತಿತು. ಗ್ಲಾಸಿಗೆ ಬರಿಯ ಬಿಸಿನೀರು ಎಂದು ಅವನು ಮೊದಲ ದಿನವೇ ಹೇಳಿದ್ದ. ಕದ್ದು ಸೋಪು ಹಾಕುತ್ತಾಳೆ, ಇನ್ನೇನು? ಅವಳು ಸಿಂಕಿನ ಮುಂದೆ ನಿಂತರೆ ಇವನು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದ.

"ಏನಜ್ಜಾ, ನನ್ನ ಬೆನ್ನ ಮೇಲೆ ಏನಾದ್ರೂ ಬರ್ದಿದ್ಯಾ? ಓದ್ತಾ ನಿಂತ್ಬಿಟ್ರಿ!"

"ಸೋಪು ಹಾಕ್ತೀಯೇನೋ ಅಂತ ನೋಡ್ತಿದ್ದೀನಿ."

"ಬರೀ ನೀರು. ಬೇಕಾದ್ರೆ ಕುಡ್ದು ನೋಡಿ!"

ಆ ನಗುವೂ ಅವನಿಗೆ ಸಂಶಯವಾಗಿಯೇ ಕಂಡಿತು. ತಪ್ಪಿಲ್ಲದವರು ಇಷ್ಟು ನಗುತ್ತಾರೆಯೇ? ನೇರವಾಗಿ ಯಜಮಾನಿಯ ಬಳಿ ಹೋಗಿ ದೂರು ಹೇಳಿಬಿಟ್ಟ.

"ನಾಳೆ ಬೆಳಿಗ್ಗೆ ಇಬ್ಬರೂ ನನ್ನೆದುರಿಗೇ ತೊಳೀರಿ. ಅವಳ ತಪ್ಪಾದ್ರೆ ನಾಳೇನೇ ಕಳಿಸ್ತೀನಿ" ಎಂದಳು ಯಜಮಾನಿ.

ತೊಳೆಯುವ ಹೆಂಗಸು ಈ ಕೆಲಸದಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಾಳೆಂದು ಅಜ್ಜನಿಗೆ ಗೊತ್ತಿತ್ತು. ದೇವರೇ, ಸತ್ಯ ನೀನೇ ತೋರಿಸು ಎಂದುಕೊಂಡ. ತೋರಿಸಬೇಕಾದ ಸತ್ಯ ಯಾವುದೆಂದು ಮಾತ್ರ ಅವನೇ ತೀರ್ಮಾನಿಸಿಯಾಗಿತ್ತು.

ಬೆಳಿಗ್ಗೆ ಇಬ್ಬರೂ ಒಂದೊಂದು ಅಗಲ ಗ್ಲಾಸು ತೊಳೆದರು. ಅಜ್ಜ ತನ್ನದನ್ನು ಒರೆಸಿ ಹೊಳೆಸಿದ. ಅವಳಿಗೆ ಬಟ್ಟೆ ಕೊಡಲಿಲ್ಲ. ಅವಳ ಗ್ಲಾಸು ಬೋರಲಾಗಿ ತಾನೇ ಒಣಗಿತು. ಯಜಮಾನಿ ಎರಡಕ್ಕೂ ಒಂದೇ ಬಾಟಲಿಯಿಂದ ಸುರಿದು ಮೂಸಿದಳು.

"ಇವಳದ್ದು ಚೆನ್ನಾಗಿದೆ. ವಾಸನೆ ಇರೋದು ನಿಮ್ಮದ್ರಲ್ಲಿ, ಅಜ್ಜ."

ತೊಳೆಯುವವಳು ಅವನ ಕೈಯ ಬಟ್ಟೆಗೆ ಬಗ್ಗಿ ಮೂಸಿದಳು. "ಅಯ್ಯೋ, ನುಸಿಗುಳಿಗೆ ಅಜ್ಜ! ಮೂಗಿಗೆ ಹೊಡೀತಾ ಇದೆ. ನಿಮಗೆ ಗೊತ್ತಾಗಲ್ವಾ?"

ಅವನೂ ಮೂಸಿದ. ಅವನಿಗೆ ಅದು ವಾಸನೆಯೇ ಅಲ್ಲ. ಈ ಬಟ್ಟೆಗಳನ್ನು ಮನೆಯಲ್ಲಿ ಒಗೆದು ಮಡಿಸಿಡುತ್ತಿದ್ದವಳು ಹೆಂಡತಿ. ಅವಳು ತೀರಿಕೊಂಡು ಒಂದೂವರೆ ತಿಂಗಳು. ಅಂದಿನಿಂದ ಅವನು ಈ ಬಟ್ಟೆಗಳನ್ನು ನುಸಿಗುಳಿಗೆ ಹಾಕಿದ ಅವಳ ಉಡುಪುಗಳ ಪೆಟ್ಟಿಗೆಯಲ್ಲೇ ಇಡುತ್ತಿದ್ದ, ದಿನವೂ ಅದನ್ನು ತೆರೆಯಲು ಒಂದು ನೆಪ ಬೇಕಿತ್ತು. ತೆರೆದು, ಮುಖ ಹುದುಗಿಸಿ, ಒಂದು ಗಳಿಗೆ ಹಾಗೇ ಇರುತ್ತಿದ್ದ.

"ಬಟ್ಟೆ ಒಗೆಯೋದೂ ಇವಳೇ ಅಲ್ವಾ?" ಯಜಮಾನಿ ತೊಳೆಯುವವಳತ್ತ ತಿರುಗಿದಳು.

ಅಜ್ಜ ಸುಮ್ಮನಿದ್ದರೆ ಸಾಕಿತ್ತು, ತಪ್ಪು ಅವಳ ತಲೆಗೇ ಬರುತ್ತಿತ್ತು. ಇಷ್ಟು ದಿನದಲ್ಲಿ ಅವಳು ನಗದೆ ನಿಂತದ್ದು ಅದೇ ಮೊದಲು.

"ಇಲ್ಲಮ್ಮಾ" ಎಂದ ಅಜ್ಜ. "ನಾನೇ ಒಗೆಯೋದು. ತೀರ್ಕೊಂಡ ನನ್ನ ಹೆಂಡತಿ ಪೆಟ್ಟಿಗೇಲಿ ಇಡ್ತಿದ್ದೆ. ಸುಮ್ಮಸುಮ್ಮನೆ ಇವಳ ಮೇಲೆ ಹೇಳ್ದೆ. ಕಳಿಸೋದಾದ್ರೆ ನನ್ನ ಕಳಿಸಿ."

ಯಜಮಾನಿ ಎರಡೂ ಗ್ಲಾಸುಗಳ ವೈನನ್ನು ಸಿಂಕಿಗೆ ಚೆಲ್ಲಿದಳು. "ಯಾರೂ ಹೋಗೋದು ಬೇಡ. ಒರೆಸೋ ಬಟ್ಟೆ ಸರಿ ಮಾಡ್ಕೊಳ್ಳಿ" ಎಂದು ಒಳಗೆ ಹೋದಳು.

ಅಜ್ಜ ತೊಳೆಯುವವಳಿಗೆ ಕೈ ಮುಗಿದ.

"ಕೈ ಇಳಿಸಿ ಅಜ್ಜ, ನನಗೆ ಪಾಪ ಹತ್ತುತ್ತೆ. ಅಜ್ಜಿ ಪೆಟ್ಟಿಗೆ ಇದ್ದ ಹಾಗೇ ಇರ್ಲಿ. ಒರೆಸೋ ಬಟ್ಟೆ ಅಷ್ಟನ್ನೂ ತನ್ನಿ, ನಾನು ನೀರು ಕಾಯಿಸ್ತೀನಿ."