ಅಕ್ಕನ ಮಾಸಿನ ನಕ್ಷೆ

ನಕ್ಷೆ ಎಂದರೆ ಊರಿನದೋ ದೇಶದ್ದೋ ಆಗಿರಬೇಕೆಂದೇನಿಲ್ಲ. ತಂಗಿ ಬರೆಯುತ್ತಿದ್ದದ್ದು ಅಕ್ಕನ ಮಾಸಿನ ನಕ್ಷೆ. ಹೆರಿಗೆಯಲ್ಲಿ ಮಗುವಿನ ಹಿಂದೆಯೇ ಹೊರಬಂದ ಮಾಸಿನ ಒಂದು ಚೂರನ್ನು ಅಕ್ಕ ತಾನಾಗಿಯೇ ತಂಗಿಯ ಪ್ರಯೋಗಾಲಯಕ್ಕೆ ಕೊಟ್ಟಿದ್ದಳು. ಎರಡು ಸಲ ಬಸಿರು ನಿಲ್ಲದೆ ಅತ್ತು ಅತ್ತು ಸೋತಿದ್ದವಳು ಅವಳು. "ಈ ಸಲ ಇವನು ಹೇಗೆ ನಿಂತ ಅಂತ ನೋಡಿ ಹೇಳೇ," ಅಂದಿದ್ದಳು, ಅಷ್ಟೆ. ಇವತ್ತು ಮಧ್ಯಾಹ್ನ ಕೂಸನ್ನೆತ್ತಿಕೊಂಡು ನಕ್ಷೆ ನೋಡಲು ಬರುವವಳಿದ್ದಳು.

ಕೆಲಸ ಇಷ್ಟು. ಮೇಣದಲ್ಲಿ ಹುದುಗಿಸಿದ ಚೂರನ್ನು ತಂಗಿಯ ಗಂಡ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಪದರಪದರವಾಗಿ ಕೊಯ್ದು, ಬಿಸಿನೀರಿನ ಮೇಲೆ ತೇಲಿಸಿ, ಗಾಜಿನ ಪಟ್ಟಿಯ ಮೇಲೆ ಎತ್ತಿಕೊಳ್ಳುತ್ತಾನೆ. ಹೌದು, ಗಂಡ ಹೆಂಡತಿ ಇಬ್ಬರದೂ ಒಂದೇ ಪ್ರಯೋಗಾಲಯ. ಮನೆಯ ಜಗಳವನ್ನು ಇಲ್ಲಿ ಮುಂದುವರಿಸುವ ಸೌಕರ್ಯವಿದೆ. ಯಾವ ಜೀವಕೋಶದ ಪಕ್ಕ ಯಾವುದು ಕೂತಿದೆ ಎಂದು ಬಣ್ಣ ಹಚ್ಚಿ ಗುರುತಿಸಿ, ಪದರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುವುದು ತಂಗಿಯ ಪಾಲು. ತಾಯಿಯ ಕೋಶಗಳಿಗೆ ನೀಲಿ, ಮಗುವಿನವಕ್ಕೆ ಕಿತ್ತಳೆ.

ಪೇರಿಸಿ ನೋಡಿದರೆ ಎಡವಟ್ಟು! ಕೆಳಗೂ ಮೇಲೂ ಬಲಕ್ಕಿದ್ದ ಅಕ್ಕನ ರಕ್ತನಾಳ ನಡುವಿನ ಒಂದು ಪದರದಲ್ಲಿ ಎಡಕ್ಕೆ ಹಾರಿಬಿಟ್ಟಿತ್ತು. ಮಗುವಿನ ಕೋಶಗಳು ತಾಯಿಯ ನಾಳವನ್ನು ಹೊಗುವ ಜಾಗ ಇದ್ದದ್ದೂ ಆ ಹಾಳು ಪದರದಲ್ಲೇ. ಮತ್ತೆ ಕೊಯ್ಯೋಣವೆಂದರೆ ಚೂರು ಮುಗಿದಿತ್ತು.

"ಅದು ಕೂಡದಿದ್ರೆ ಇಡೀ ಚೂರನ್ನೇ ಬಿಟ್ಬಿಡಿ. ಎಲ್ಲರ ಮಾಸಿನ ನಕ್ಷೆ ಸೇರಿಸೋ ಅಟ್ಲಾಸಿಗೆ ಇವತ್ತೇ ಕಳಿಸೋದು," ಎಂದು ಪ್ರಯೋಗಾಲಯದ ಮುಖ್ಯಸ್ಥೆ ಹೇಳಿಹೋದರು. ಅನುಮಾನ ಬಂದದ್ದನ್ನೆಲ್ಲ ಕತ್ತರಿಸುವ ಅವರಿಗೆ ಬೆನ್ನ ಹಿಂದೆ ಕತ್ತರಿ ಮೇಡಂ ಎಂದೇ ಹೆಸರು.

"ಏನ್ರೀ ಮಾಡಿದ್ರಿ ಈ ಪದರಾನ?" ತಂಗಿ ಗಂಡನ ಮೇಲೆ ಹರಿಹಾಯ್ದಳು.

"ನನ್ನ ಕೈ ಅಲುಗಲ್ಲ ಕಣೇ. ಉಸಿರು ಬಿಗಿಹಿಡಿದು ಎತ್ತೋನು ನಾನು."

"ಆವತ್ತೂ ಹಿಡಿದಿದ್ರಾ?"

ಗಂಡ ಯೋಚಿಸಿದ. ಮುಖ ಸಪ್ಪಗಾಯಿತು. "ಇಲ್ಲ. ಆವತ್ತು ನೀನು ಪಕ್ಕದಲ್ಲಿ ಕತ್ತರಿ ಮೇಡಂ ಥರ ನಡೆದು ತೋರಿಸಿದ್ಯಲ್ಲ, ನಕ್ಕುಬಿಟ್ಟೆ. ಆ ಉಸಿರಿಗೆ ಪದರ ನೀರಲ್ಲಿ ಹೊರಳಾಡ್ತು. ಸುಕ್ಕು ಬಿಡಿಸಿ ಎತ್ಕೊಂಡೆ. ಮಗುಚಿತ್ತೋ ಏನೋ!"

ತಂಗಿ ಪರದೆಯ ಮೇಲೆ ಆ ಪದರವನ್ನು ಮಗುಚಿದಳು. ನಾಳ ನೆಟ್ಟಗೆ ಹರಿಯಿತು. ನಾಳವೊಂದೇ ಅಲ್ಲ, ಅಂಚಿನ ಪ್ರತಿ ಕಚ್ಚೂ ಮೇಲಿನದಕ್ಕೆ, ಕೆಳಗಿನದಕ್ಕೆ ಕೂಡಿಕೊಂಡಿತು. ಖುಷಿಗೆ ಅವಳು ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. ತಿರುಗಿ ನಿಂತಾಗ ಎದುರಿಗೆ ಮೇಡಂ.

"ಹೇಗೆ ಮಗುಚ್ತು?"

ಸುಳ್ಳು ಹೇಳಿದರೆ ನಕ್ಷೆಯನ್ನು ನಂಬುವವರ್ಯಾರು? "ನಿಮ್ಮನ್ನ ಅಣಕಿಸ್ತಿದ್ದೆ ಮೇಡಂ. ಇವರು ನಕ್ಕುಬಿಟ್ರು."

ಮೇಡಂ ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಚನ್ನು ನೋಡಿದರು. "ಪದರ ಮಗುಚಿತ್ತು, ಸರಿಪಡಿಸಿದೆ ಅಂತ ಬರೀರಿ. ನಕ್ಕಿದ್ದನ್ನ ಬರೀಬೇಡಿ. ಕಳಿಸಿ." ಬಾಗಿಲಲ್ಲಿ ತಿರುಗಿ, "ನನ್ನ ನಡಿಗೆ ಅಷ್ಟು ಚೆನ್ನಾಗಿದ್ಯಾ?" ಎಂದು ಕೇಳಿ ಹೋದರು.

ಅಷ್ಟರಲ್ಲಿ ಅಕ್ಕ ಬಂದಳು. ಕೂಸು ಅವಳ ಹೆಗಲ ಮೇಲೆ ಗಾಢ ನಿದ್ದೆಯಲ್ಲಿತ್ತು.

"ಇದ್ರಲ್ಲಿ ನಾನ್ಯಾರೇ?"

"ನೀಲಿ ನೀನು, ಕಿತ್ತಳೆ ಇವನು. ನೋಡು, ನಿನ್ನ ನಾಳದೊಳಕ್ಕೇ ನುಗ್ಗಿ, ಗೋಡೆ ಅಗಲ ಮಾಡಿ, ತನಗೆ ಬೇಕಾದಷ್ಟು ರಕ್ತ ತರಿಸ್ಕೊಂಡಿದಾನೆ."

"ಹುಟ್ಟೋಕೆ ಮುಂಚೇನೇ ಮನೆ ರಿಪೇರಿ!"

"ಹಿಂದಿನ ಎರಡು ಸಲ ಯಾಕೆ ಹಾಗಾಯ್ತು ಅಂತ ಇದು ಹೇಳಲ್ಲ ಅಕ್ಕಾ. ಇವನು ಹೇಗೆ ನಿಂತ ಅಂತ ಮಾತ್ರ ತೋರಿಸುತ್ತೆ."

ಅಕ್ಕ ಪರದೆಯ ಮೇಲೆ ಕಿತ್ತಳೆಯ ದಾರಿಗುಂಟ ಬೆರಳು ಸರಿಸುತ್ತ ಹೋದಳು. ನೀಲಿಯೊಳಗೆ ಅದು ಬೆರೆತ ಜಾಗದಲ್ಲಿ ಬೆರಳು ನಿಂತಿತು.

"ಬಸುರಿಯಾಗಿದ್ದಷ್ಟು ದಿನವೂ, ನಾನೊಬ್ಳೇ ಇವನನ್ನ ಹಿಡ್ಕೊಂಡಿದೀನಿ, ಕೈಬಿಟ್ರೆ ಹೋಯ್ತು ಅಂತ ಜೀವ ಕೈಯಲ್ಲಿ ಹಿಡ್ದು ಕೂತಿದ್ದೆ ಕಣೇ," ಅಂದಳು. "ಇವನೂ ನನ್ನ ಹಿಡ್ಕೊಂಡಿದ್ನಾ?"

ತಂಗಿ ಹೂಂ ಅಂದು, ಅಕ್ಕನ ಬೆರಳಿನ ಪಕ್ಕ ತನ್ನ ಬೆರಳನ್ನೂ ಇಟ್ಟಳು. ತಂಗಿಯ ಗಂಡನೂ ಸೇರಿ ಮೂವರೂ ಅಳುತ್ತಾ ನಗುತ್ತಾ ನಿಂತರು, ನಿದ್ದೆಯಲ್ಲಿದ್ದವನೊಬ್ಬನನ್ನು ಬಿಟ್ಟು.