ನಾಲ್ಕನೆಯ ಹೆಗಲು

ಫೋನು ಕೆಳಗಿಟ್ಟ ಮೇಲೂ ಪ್ರಭಾಕರ ಅಲ್ಲೇ ನಿಂತಿದ್ದ. ಕೌಸಲ್ಯಾ ಒಲೆ ಆರಿಸಿ ಬಂದಳು.

"ಗಣಪತಿ ಹೋಗ್ಬಿಟ್ಟನಂತೆ ಕಣೆ. ಟ್ರೇನ್‌ನಲ್ಲೇ. ಹಾರ್ಟ್ ಅಟ್ಯಾಕ್."

ಮೂವತ್ತಾರರ ಬ್ರಹ್ಮಚಾರಿ. ಶನಿವಾರ ತಪ್ಪದೆ ಈ ಪರದೇಶದ ಹ್ಯಾರಿಸನ್ ಊರಿನ ಇವರ ಬಾಡಿಗೆ ಮನೆಯ ಬೇಸ್‌ಮೆಂಟಿಗೆ ಬಂದು ಭಜನೆಗೆ ತಾಳ ಹಾಕುತ್ತಿದ್ದವನು. ಕೌಸಲ್ಯಾಳಿಗೆ ಅಳು ಬಂತು. ಅಳುವಿನ ಹಿಂದೆಯೇ ಭಯ ಬಂತು, ಅದಕ್ಕೆ ನಾಚಿಕೆಯೂ ಆಯಿತು. ಅವಳಿಗೆ ಆರು ತಿಂಗಳು ತುಂಬಿತ್ತು. ಬಸುರಿಯ ಗಂಡ ಹೆಣಕ್ಕೆ ಹೆಗಲು ಕೊಡಬಾರದೆಂಬುದನ್ನು ಮೈಸೂರಿನ ಅವರ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಭಜನಾ ಮಂಡಳಿಗೊಂದು ನಿಯಮವಿತ್ತು. ನಮ್ಮವರು ಐದು ಜನ ಸೇರಿದರೆ ದೇವರ ಪಟಕ್ಕಿಂತ ಮೊದಲು ಅಧ್ಯಕ್ಷರು, ಕಾರ್ಯದರ್ಶಿ, ನಿಯಮಾವಳಿ ಬರಬೇಕಲ್ಲ! ಅಧ್ಯಕ್ಷ ಅಮರೇಶ್ವರ ರಾಯಚೂರಿನ ಕಡೆಯವರು, ಕಾಲೇಜಿನಲ್ಲಿ ಪ್ರಾಚೀನ ಗ್ರೀಸಿನ ಇತಿಹಾಸ ಪಾಠ ಮಾಡುವವರು. ಆ ಕಾಲದ ಗ್ರೀಕ್ ಪಟ್ಟಣಗಳಿಗೆ ಬಂದು ನೆಲೆಸಿದ ಪರದೇಶಿ ವ್ಯಾಪಾರಿಗಳು ತಮ್ಮ ತಮ್ಮ ದೇವರ ಹೆಸರಲ್ಲಿ ಪುಟ್ಟ ಸಂಘ ಕಟ್ಟಿಕೊಂಡು, ಒಟ್ಟಿಗೆ ಪೂಜೆ ಮಾಡಿ ಉಂಡು, ಕಟ್ಟಲೆಗಳನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರಂತೆ. ಸಂಘದವನೊಬ್ಬ ಸತ್ತರೆ ಉಳಿದವರೆಲ್ಲ ಅವನ ಹಿಂದೆ ನಡೆಯಬೇಕೆಂಬುದು ಅದರಲ್ಲೊಂದು.

"ನಮಗೂ ಇರ್ಲಿ ಬಿಡ್ರಿ. ಇಲ್ಲಿ ನಮ್ಮನ್ನ ಹೊರಾವ್ರ್ಯಾರು?" ಎಂದು ಅಮರೇಶ್ವರ ನಕ್ಕಿದ್ದರು. ನಡೆದರೆ ಸಾಲದು, ಹೆಗಲನ್ನೂ ಕೊಡಬೇಕೆಂದು ಒಂದು ಹೆಜ್ಜೆ ಮುಂದೆ ಹೋಗಿ ಬರೆದವನು ಕಾರ್ಯದರ್ಶಿ ಪ್ರಭಾಕರನೇ. ಎಲ್ಲರೂ ಗಟ್ಟಿಮುಟ್ಟಾಗಿದ್ದರು, ಸಾವು ಆಗ ತಮಾಷೆಯ ಮಾತು. ಈಗ ಐವರಲ್ಲಿ ಒಬ್ಬ ಹೋಗಿ ಸರಿಯಾಗಿ ನಾಲ್ವರು ಉಳಿದಿದ್ದರು.

ಮೂರನೆಯ ದಿನ ಬೆಳಿಗ್ಗೆ ಅಮರೇಶ್ವರ ಬಂದರು. ಕೌಸಲ್ಯಾಳ ಹೊಟ್ಟೆಯ ಕಡೆ ನೋಡದೆ, ನೆಲ ನೋಡುತ್ತ ಮಾತಾಡಿದರು.

"ಧಾರವಾಡದಿಂದ ಅವನ ಅಣ್ಣನ ಟೆಲಿಗ್ರಾಂ ಬಂದದ. ಅಲ್ಲೇ ಮುಗಿಸ್ರಿ ಅಂದಾರ. ನೀವು ಬರಬ್ಯಾಡ್ರಿ ಪ್ರಭಾಕರ. ಫ್ಯೂನರಲ್ ಹೋಮಿನ ಟೋನಿ ಒಬ್ಬ ಆಳು ಕೊಡ್ತೀನಿ ಅಂದಾನ. ನಿಯಮ ನಾವ ಬರಕೊಂಡದ್ದು, ನಾವ ಮುರದ್ರ ಆತು."

"ನೋಡೋಣ ಸಾರ್," ಎಂದು ಪ್ರಭಾಕರ ಹೆಂಡತಿಯ ಮುಖ ನೋಡಿದ. ಅವಳೇ ಹೇಳಲಿ ಎಂದು ಕಾಯುವುದರಲ್ಲಿ ಗಂಡಸರು ಬಲು ಜಾಣರು.

ಕೌಸಲ್ಯಾಳಿಗೆ ಹೋದ ಜನವರಿ ನೆನಪಾಯಿತು. ಪ್ರಭಾಕರ ಮಾರಿಸ್‌ಟೌನಿನ ಆಫೀಸಿನಲ್ಲಿದ್ದ. ಹೊರಗೆ ಮೊಣಕಾಲುದ್ದ ಸ್ನೋ. ಮೊದಲ ಬಸಿರು ಜಾರಿ ರಕ್ತ ನಿಲ್ಲದಿದ್ದಾಗ ಓಡಿ ಬಂದವನು ಗಣಪತಿ. ತನ್ನ ಹೊಸ ಓವರ್‌ಕೋಟನ್ನೇ ಸೀಟಿಗೆ ಹಾಸಿ, ಅವಳನ್ನು ಆಸ್ಪತ್ರೆಗೆ ಡ್ರೈವ್ ಮಾಡಿಕೊಂಡು ಹೋಗಿದ್ದ. ಮಡಿ, ಮೈಲಿಗೆ ಅನ್ನಲಿಲ್ಲ. ಆ ಕೋಟಿನ ಸುದ್ದಿಯನ್ನು ಮತ್ತೆಂದೂ ಎತ್ತಲಿಲ್ಲ.

"ಹೋಗ್ಬನ್ನಿ," ಎಂದಳು.

"ಅಮ್ಮಂಗೆ ಗೊತ್ತಾದ್ರೆ..."

"ಅಮ್ಮ ಮೈಸೂರಲ್ಲಿದಾರೆ. ಯಾರೋ ಗುರುತಿಲ್ಲದೋನು ಗಣಪತಿಯವರನ್ನ ಹೊರೋದು ಬೇಡ. ಬೇಗ ಹೊರಡಿ, ನನ್ನ ಮನಸ್ಸು ಬದಲಾಗೋದ್ರೊಳಗೆ."

ಕಾರು ತಿರುವು ದಾಟುವ ಮೊದಲೇ ಮನಸ್ಸು ಬದಲಾಯಿತು. ಅವಳು ಬಾಗಿಲಿಗೆ ಓಡುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು.

ದಿನಾ ಹನ್ನೊಂದರ ಹೊತ್ತಿಗೆ ಮಗು ಹೊರಳುತ್ತಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ತಣ್ಣನೆಯ ಆರೆಂಜ್ ಜ್ಯೂಸ್ ಕುಡಿದಳು. ಎಡಮಗ್ಗುಲಾಗಿ ಮಲಗಿದಳು. ಏನೂ ಇಲ್ಲ. ನಾನೇ ಕಳಿಸಿದೆನಲ್ಲ, ನನ್ನ ಕೈಯಾರೆ ಕಳಿಸಿದೆನಲ್ಲ ಎಂದುಕೊಂಡಳು. ಯಾವ ದೇವರನ್ನು ಕೇಳಬೇಕೋ ತಿಳಿಯದೆ ನೆನಪಾದವರಿಗೆಲ್ಲ ಹರಕೆ ಹೊತ್ತಳು. ಗಣಪತಿಯ ಮೇಲೆ ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟಾದೆನಲ್ಲ ಎಂದು ಇನ್ನಷ್ಟು ಹೆದರಿದಳು.

ಒಂದೂವರೆಗೆ ಪ್ರಭಾಕರ ಬಂದ. ಯಾವುದನ್ನೂ ಮುಟ್ಟದೆ ನೇರ ಬಾತ್‌ರೂಮಿಗೆ ನಡೆದು, ಬಟ್ಟೆ ಸಮೇತ ಷವರಿನ ಕೆಳಗೆ ನಿಂತ. ಬಾಗಿಲು ತೆರೆದೇ ಇತ್ತು. ಎಡ ಹೆಗಲನ್ನು ಒಂದೇ ಸಮನೆ ಉಜ್ಜುತ್ತಿದ್ದ. ಅವನೂ ಹೆದರಿದ್ದಾನೆಂದು ಕೌಸಲ್ಯಾಳಿಗೆ ಆಗ ತಿಳಿಯಿತು.

"ಮಗು ಒದೀತಾ?" ನೀರಿನ ಸದ್ದಿನೊಳಗಿಂದ ಕೂಗಿದ.

"ಹೂಂ," ಎಂದಳು. "ಆಗ್ಲೇ ಎರಡು ಸಲ."

ನೀರು ನಿಂತಿತು. ಕೌಸಲ್ಯಾ ಗೋಡೆಗೊರಗಿ, ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಒಂದೇ ಒಂದು ಒದೆತಕ್ಕಾಗಿ ಕಾದಳು.